ಉಣ್ಣುವ ಕೈ, ಅಳೆಯುವ ಕಣ್ಣು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಅಕ್ಕಪಕ್ಕ ಕುಳ್ಳಿರಿಸಿದ್ದಾರೆ. ಉಣ್ಣುವ ರೀತಿಯೇ ಮಾತಿಗೆ ವಸ್ತುವಾಗಿ, ಆ ಮಾತು ಜಗಳವಾಗಿ, ಆ ಜಗಳ ಸಮುದ್ರವನ್ನು ದಾಟಿ ನಮ್ಮ ಮನೆಯ ಜಗಲಿಯವರೆಗೂ ಬರುವ ಕಾಲವೊಂದನ್ನು ಆ ಗಾದೆ ಕಟ್ಟಿದವರು ಕನಸಿನಲ್ಲಿಯೂ ಎಣಿಸಿರಲಾರರು. ಅಂಥ ಜಗಳವೊಂದನ್ನು ನಾವು 2025ರಲ್ಲಿ ಕಂಡೆವು. ಅದು ಎದ್ದಂತೆಯೇ ತಣ್ಣಗೂ ಆಯಿತು. ಪತ್ರಿಕೆಗಳು ಬೇರೆ ಸುದ್ದಿಗಳ ಕಡೆಗೆ ತಿರುಗಿದುವು. ಆದರೆ ಅದರ ಹಿಂದೆ ನಿಂತಿರುವ ಪ್ರಶ್ನೆ ಅಷ್ಟು ಬೇಗ ತಣ್ಣಗಾಗುವಂಥದಲ್ಲ. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನ್ನಿಸಲು ನನಗೆ ಸ್ವಂತದ ಕಾರಣವೂ ಒಂದುಂಟು. ಅದನ್ನು ಮುಂದೆ ನಿವೇದಿಸುತ್ತೇನೆ.

ನಡೆದದ್ದಿಷ್ಟು. ನ್ಯೂಯಾರ್ಕ್ ನಗರದ ಮೇಯರ್ ಪದವಿಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ 2025ರ ಜೂನ್ 24ರಂದು ನಡೆಯಿತು. ಅದರಲ್ಲಿ ಗೆದ್ದವರು ಜೊಹ್ರಾನ್ ಮಮ್ದಾನಿ. ಇವರು 1991ರಲ್ಲಿ ಉಗಾಂಡಾ ದೇಶದ ಕಂಪಾಲಾ ನಗರದಲ್ಲಿ ಹುಟ್ಟಿದವರು; ತಾಯಿ ಚಲನಚಿತ್ರ ನಿರ್ದೇಶಕಿ ಮೀರಾ ನಾಯರ್, ತಂದೆ ವಿದ್ವಾಂಸರಾದ ಮಹಮೂದ್ ಮಮ್ದಾನಿ. ಸಂದರ್ಶನವೊಂದರಲ್ಲಿ ಇವರು ಮಾತನಾಡುತ್ತಲೇ ಅನ್ನವನ್ನು ಕೈಯಿಂದ ಉಣ್ಣುತ್ತಿದ್ದ ದೃಶ್ಯ ಅಂತರಜಾಲದಲ್ಲಿ ಹರಿದಾಡಿತು. ಜೂನ್ 30ರಂದು ಟೆಕ್ಸಾಸ್ ರಾಜ್ಯದಿಂದ ಅಲ್ಲಿಯ ಪ್ರತಿನಿಧಿ ಸಭೆಗೆ ಆರಿಸಿ ಬಂದಿದ್ದ ರಿಪಬ್ಲಿಕನ್ ಸದಸ್ಯ ಬ್ರ್ಯಾಂಡನ್ ಗಿಲ್ ಅದನ್ನು ಎತ್ತಿ ತೋರಿಸಿ, ಅಮೆರಿಕದ ನಾಗರಿಕ ಜನ ಹೀಗೆ ಉಣ್ಣುವುದಿಲ್ಲವೆಂದೂ, ಪಾಶ್ಚಾತ್ಯ ಪದ್ಧತಿಗಳನ್ನು ಒಪ್ಪಿಕೊಳ್ಳಲಾರದವರು ಮೂರನೆಯ ಜಗತ್ತಿಗೆ ಹಿಂದಿರುಗಬೇಕೆಂದೂ ಅರ್ಥ ಬರುವಂತೆ ಬರೆದರು. ಆ ಸದಸ್ಯರ ಮಾವ ಮುಂಬಯಿಯಲ್ಲಿ ಹುಟ್ಟಿದವರು. ಆದುದರಿಂದ ಜನ ಸಹಜವಾಗಿಯೇ ಮನೆಯವರ ಕಡೆಗೂ ಬೆರಳು ತೋರಿಸಿದರು. ಅವರ ಪತ್ನಿ, ತಾವು ಅನ್ನವನ್ನು ಕೈಯಿಂದ ಉಂಡು ಬೆಳೆದವರಲ್ಲವೆಂದೂ, ಎಂದಿಗೂ ಫೋರ್ಕನ್ನೇ ಬಳಸಿದವರೆಂದೂ ಸಮರ್ಥನೆ ಕೊಡಬೇಕಾಯಿತು.

ಉತ್ತರಗಳು ಮಳೆಯಂತೆ ಸುರಿದುವು. ಅಮೆರಿಕನ್ನರು ಎರಡು ಕೈಗಳಿಂದಲೂ ಹಿಡಿದು ತಿನ್ನುವ ಬರ್ಗರ್, ಪೀಟ್ಜಾ, ಹುರಿದ ಕೋಳಿಯ ಕಾಲು ಇವುಗಳ ಚಿತ್ರಗಳನ್ನು ಜನ ಸಾಲಾಗಿ ಮುಂದಿಟ್ಟರು. ಇವುಗಳಿಗೆ ಚಾಕುವೂ ಬೇಡ, ಫೋರ್ಕೂ ಬೇಡ. ಇವುಗಳನ್ನು ಕೈಯಿಂದ ತಿಂದರೆ ಅನಾಗರಿಕತೆಯಲ್ಲ, ಅನ್ನವನ್ನು ಕೈಯಿಂದ ಉಂಡರೆ ಅನಾಗರಿಕತೆ ಎಂಬುದು ಯಾವ ನ್ಯಾಯ ಎಂದು ಕೇಳಿದರು. ನಾಲ್ಕು ತಿಂಗಳ ಬಳಿಕ, ನವೆಂಬರ್ 4ರಂದು, ನ್ಯೂಯಾರ್ಕಿನ ಮತದಾರರು ಮಮ್ದಾನಿಯವರನ್ನೇ ಮೇಯರ್ ಪದವಿಗೆ ಆರಿಸಿದರು. 2026ರ ಜನವರಿ 1ರಂದು ಅವರು ಅಧಿಕಾರ ಸ್ವೀಕರಿಸಿದರು. ಅವರ ರಾಜಕೀಯ ಸರಿಯೋ ತಪ್ಪೋ ಎಂಬುದು ಆ ಊರಿನವರಿಗೆ ಬಿಟ್ಟ ಮಾತು. ನನ್ನ ಕುತೂಹಲವೆಲ್ಲ ಆ ತಟ್ಟೆಯ ಮೇಲೆ, ಆ ಕೈಯ ಮೇಲೆ.

ಇದೇ ಪದವಿಗೆ ಸಂಬಂಧಪಟ್ಟ ಹಳೆಯ ಪ್ರಸಂಗವೊಂದನ್ನು ಇಲ್ಲಿ ನೆನೆಯಬೇಕು. 2014ರ ಜನವರಿಯಲ್ಲಿ ಬಿಲ್ ಡಿ ಬ್ಲಾಸಿಯೋ ಎಂಬುವರು ನ್ಯೂಯಾರ್ಕಿನ ಮೇಯರ್ ಆಗಿ ಅಧಿಕಾರ ವಹಿಸಿಕೊಂಡರು. ಅದಾಗಿ ಕೆಲವೇ ದಿನಗಳಲ್ಲಿ ಅವರು ಒಂದು ಉಪಾಹಾರಗೃಹಕ್ಕೆ ಹೋಗಿ ಪೀಟ್ಜಾವನ್ನು ಚಾಕು ಮತ್ತು ಫೋರ್ಕಿನಿಂದ ಕತ್ತರಿಸಿ ತಿಂದರು. ಊರಿಗೆ ಊರೇ ನಕ್ಕಿತು. ನ್ಯೂಯಾರ್ಕಿನವನಾಗಿ ಪೀಟ್ಜಾವನ್ನು ಕೈಯಲ್ಲಿ ಮಡಿಸಿ ತಿನ್ನಲು ಬಾರದವನು ನಮ್ಮ ಮೇಯರ್ ಹೇಗಾದಾನು ಎಂದು ಪತ್ರಿಕೆಗಳೂ ದೂರದರ್ಶನದ ವಿದೂಷಕರೂ ಹಾಸ್ಯಮಾಡಿದರು. ತನ್ನ ಪೂರ್ವಿಕರ ಇಟಲಿಯಲ್ಲಿ ಅದನ್ನು ಹಾಗೆಯೇ ತಿನ್ನುವ ವಾಡಿಕೆ ಎಂದು ಆ ಮನುಷ್ಯ ಸಮಾಧಾನ ಹೇಳಬೇಕಾಯಿತು.

ಓದುಗರು ಈ ಎರಡು ಪ್ರಸಂಗಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಬೇಕು. ಅದೇ ನಗರ, ಅದೇ ಪದವಿ. ಒಬ್ಬನು ಫೋರ್ಕು ಹಿಡಿದದ್ದು ತಪ್ಪಾಯಿತು, ಇನ್ನೊಬ್ಬನು ಹಿಡಿಯದೆ ಇದ್ದದ್ದು ತಪ್ಪಾಯಿತು. ಇಲ್ಲಿಗೆ ನಿಲ್ಲಿಸಿದರೆ ಇದು ಬರಿಯ ವಿನೋದ. ಆದರೆ ಇವೆರಡಕ್ಕೂ ಒಂದು ದೊಡ್ಡ ಅಂತರವುಂಟು. ಮೊದಲನೆಯವನನ್ನು ನೋಡಿ ಜನ ನಕ್ಕರು, ಅಷ್ಟೆ. ನೆಂಟನನ್ನು ನೋಡಿ ನಗುವಂತೆ ನಕ್ಕರು. ನೀನು ಇಟಲಿಗೆ ಹೊರಟುಹೋಗು ಎಂದು ಅವನಿಗೆ ಯಾರೂ ಹೇಳಲಿಲ್ಲ. ಎರಡನೆಯವನಿಗೆ ಹೇಳಿದ್ದು ಹೊರಟುಹೋಗೆಂದು. ನಗೆಗೂ ಗಡೀಪಾರಿಗೂ ಇರುವ ದೂರವೇ ಈ ವಿಷಯದ ಮರ್ಮ. ಉಣ್ಣುವ ರೀತಿ ಅಲ್ಲಿ ನೆಪಮಾತ್ರ; ಯಾರು ನಮ್ಮವರು, ಯಾರು ನಮ್ಮವರಲ್ಲ ಎಂಬ ತೀರ್ಪು ಮೊದಲೇ ಆಗಿಹೋಗಿರುತ್ತದೆ. ಆ ತೀರ್ಪಿಗೆ ಸಾಕ್ಷಿಯೊಂದು ಬೇಕು. ತಟ್ಟೆಯಲ್ಲಿ ಅದು ಸುಲಭವಾಗಿ ಸಿಕ್ಕುತ್ತದೆ, ಏಕೆಂದರೆ ಉಣ್ಣದ ಮನುಷ್ಯನಿಲ್ಲ, ಒಂದೇ ರೀತಿ ಉಣ್ಣುವ ಎರಡು ಜನಾಂಗಗಳೂ ಇಲ್ಲ.

ಫೋರ್ಕು ನಾಗರಿಕತೆಯ ಗುರುತು ಎನ್ನುವವರಿಗೆ ಅದರ ಚರಿತ್ರೆ ಅಷ್ಟೇನೂ ಅನುಕೂಲವಾಗಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಬೈಜಾಂಟಿಯಮ್ಮಿನ ರಾಜಕುಮಾರಿಯೊಬ್ಬಳು ವೆನಿಸ್ ನಗರದ ಅಧಿಪತಿಯ ಮನೆಗೆ ಸೊಸೆಯಾಗಿ ಬಂದಳು. ಆಕೆ ಆಹಾರವನ್ನು ಬೆರಳುಗಳಿಂದ ಮುಟ್ಟದೆ ಬಂಗಾರದ ಮುಳ್ಳಿನಿಂದ ಎತ್ತಿ ಬಾಯಿಗಿಡುತ್ತಿದ್ದಳು. ಅದನ್ನು ಮೆಚ್ಚುವುದಿರಲಿ, ಕ್ರೈಸ್ತ ಧರ್ಮಗುರು ಪೀಟರ್ ಡಾಮಿಯನ್ ಆಕೆಯ ಈ ನಾಜೂಕನ್ನು ಖಂಡಿಸಿ, ಮುಂದೆ ಆಕೆ ರೋಗದಿಂದ ನರಳಿ ಸತ್ತದ್ದು ಅಂಥ ಅತಿಭೋಗಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಬರೆದ. ಆಗಿನ ಯೂರೋಪಿಗೆ ಫೋರ್ಕು ಹೊರನಾಡಿನಿಂದ ಬಂದ ದುರಭ್ಯಾಸವಾಗಿತ್ತು. ಮುಂದೆ 1530ರಲ್ಲಿ ಮಹಾಪಂಡಿತ ಇರಾಸ್ಮಸ್ ಹುಡುಗರಿಗೆ ಸಭ್ಯತೆಯನ್ನು ಕಲಿಸಲು ಲ್ಯಾಟಿನ್ನಿನಲ್ಲಿ ಒಂದು ಪುಟ್ಟ ಪುಸ್ತಕವನ್ನು ಬರೆದ. ಬಡಿಸಿದ್ದನ್ನು ಮೂರು ಬೆರಳುಗಳಿಂದ ತೆಗೆದುಕೊಳ್ಳಬೇಕು, ಜಿಡ್ಡಾದ ಬೆರಳುಗಳನ್ನು ನೆಕ್ಕಬಾರದು, ಅಂಗಿಗೆ ಒರಸಬಾರದು ಎಂಬುವು ಅದರಲ್ಲಿಯ ಉಪದೇಶಗಳು. ಅಂದರೆ ಯೂರೋಪಿನ ಸುಸಂಸ್ಕೃತ ಬಾಲಕನಿಗೆ ಆಗ ಕಲಿಸುತ್ತಿದ್ದದ್ದು ಕೈಯಿಂದ ಚೆನ್ನಾಗಿ ಉಣ್ಣುವುದನ್ನು. ನಮ್ಮ ಅಜ್ಜಿಯರು ಕಲಿಸಿದ್ದೂ ಅದನ್ನೇ.

ಇಂಗ್ಲೆಂಡಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಥಾಮಸ್ ಕೊರ್ಯಾಟ್ ಎಂಬ ಪ್ರವಾಸಿ 1608ರಲ್ಲಿ ಇಟಲಿಯನ್ನು ಸುತ್ತಿ ಬಂದು 1611ರಲ್ಲಿ ತನ್ನ ಪ್ರವಾಸಗ್ರಂಥವನ್ನು ಅಚ್ಚುಮಾಡಿಸಿದ. ಇಟಲಿಯವರು ಮಾಂಸವನ್ನು ಕೊಯ್ಯುವಾಗ ಪುಟ್ಟದೊಂದು ಮುಳ್ಳನ್ನು ಬಳಸುತ್ತಾರೆ, ಎಲ್ಲರ ಬೆರಳುಗಳೂ ಸಮನಾಗಿ ಶುಭ್ರವಾಗಿರುವುದಿಲ್ಲವಾದ್ದರಿಂದ ಇನ್ನೊಬ್ಬರ ಬೆರಳು ತಟ್ಟೆಗೆ ತಾಗುವುದು ಅವರಿಗೆ ಸಹಿಸದು ಎಂದು ಅದರಲ್ಲಿ ವಿವರಿಸಿದ. ತಾನೂ ಆ ಅಭ್ಯಾಸವನ್ನು ಊರಿಗೆ ತಂದ. ಅವನ ಗೆಳೆಯರು ಅವನಿಗೆ ಲ್ಯಾಟಿನ್ನಿನಲ್ಲಿ ‘ಫರ್ಸಿಫರ್’ ಎಂದು ಅಡ್ಡಹೆಸರಿಟ್ಟರು. ಆ ಪದಕ್ಕೆ ಮುಳ್ಳು ಹೊತ್ತವನು ಎಂಬುದು ಒಂದರ್ಥ, ತುಂಟ, ನೀಚ ಎಂಬುದು ಇನ್ನೊಂದರ್ಥ. ಈ ಕೊರ್ಯಾಟನೇ ಮುಂದೆ ಕಾಲ್ನಡಿಗೆಯಲ್ಲಿ ಪೂರ್ವದೇಶಗಳನ್ನು ದಾಟಿ 1615ರಲ್ಲಿ ಅಜ್ಮೀರವನ್ನು ತಲಪಿದ. ಜಹಾಂಗೀರ್ ಬಾದಶಹನ ಮುಂದೆ ಪಾರಸೀ ಭಾಷೆಯಲ್ಲಿ ಭಾಷಣ ಮಾಡಿದ. 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ. ತನ್ನ ನಾಡಿಗೆ ಫೋರ್ಕಿನ ವಾರ್ತೆಯನ್ನು ಒಯ್ದು ನಗೆಪಾಟಲಾದವನು, ಕೈಯಿಂದ ಉಣ್ಣುವವರ ನಾಡಿನಲ್ಲಿ ಮಣ್ಣಾದ.

ಜರ್ಮನಿಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ನಾರ್ಬರ್ಟ್ ಎಲಿಯಾಸ್ 1939ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಈ ಚರಿತ್ರೆಯನ್ನೆಲ್ಲ ಜಾಲಾಡಿದ್ದಾನೆ. ಫೋರ್ಕು ಬಂದದ್ದು ಆರೋಗ್ಯದ ದೃಷ್ಟಿಯಿಂದಲ್ಲ. ಮೊದಲು ಆಸ್ಥಾನಗಳಲ್ಲಿ, ದೊಡ್ಡ ಮನೆತನಗಳಲ್ಲಿ ನಾಚಿಕೆ, ಅಸಹ್ಯ ಎಂಬ ಭಾವಗಳ ಗೆರೆ ಮೇಲಕ್ಕೆ ಸರಿಯಿತು, ಶುಚಿತ್ವದ ಕಾರಣವನ್ನು ಆಮೇಲೆ ಅದಕ್ಕೆ ಅಂಟಿಸಿದರು ಎಂಬುದು ಅವನ ವಾದದ ಸಾರ. ನನಗೆ ಇದು ಬಹಳ ಬೆಲೆಯುಳ್ಳ ಮಾತಾಗಿ ಕಾಣುತ್ತದೆ. ದೊಡ್ಡವರು ತಮ್ಮನ್ನು ಉಳಿದವರಿಂದ ಬೇರ್ಪಡಿಸಿಕೊಳ್ಳುವುದಕ್ಕೆ ಒಂದು ನಡವಳಿಕೆಯನ್ನು ಹಿಡಿಯುತ್ತಾರೆ. ಮಿಕ್ಕವರು ಅದನ್ನು ಅನುಕರಿಸುತ್ತಾರೆ. ಕಾಲಾಂತರದಲ್ಲಿ ಅದು ಪ್ರಕೃತಿಯ ನಿಯಮವೇ ಆಗಿಬಿಡುತ್ತದೆ.

ಫೋರ್ಕು ಹಿಡಿಯುವವರಾದರೂ ತಮ್ಮತಮ್ಮಲ್ಲಿ ಒಮ್ಮತಕ್ಕೆ ಬಂದಿದ್ದಾರೆಯೆ? ಅದೂ ಇಲ್ಲ. ಯೂರೋಪಿನವನು ಎಡಗೈಯಲ್ಲಿ ಫೋರ್ಕು, ಬಲಗೈಯಲ್ಲಿ ಚಾಕು ಹಿಡಿದು ಊಟ ಮುಗಿಯುವ ತನಕ ಕೈ ಬದಲಿಸುವುದಿಲ್ಲ. ಅಮೆರಿಕನ್ನನು ಒಂದು ತುಂಡನ್ನು ಕೊಯ್ದು, ಚಾಕುವನ್ನು ಕೆಳಗಿಟ್ಟು, ಫೋರ್ಕನ್ನು ಬಲಗೈಗೆ ವರ್ಗಾಯಿಸಿ ತಿನ್ನುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ವಶದಲ್ಲಿದ್ದ ಯೂರೋಪಿಗೆ ಗುಪ್ತಚರರನ್ನು ಕಳುಹಿಸುವಾಗ ಅವರಿಗೆ ಅಲ್ಲಿಯ ಕ್ರಮದಲ್ಲಿ ಉಣ್ಣುವುದನ್ನೂ ಕಲಿಸಬೇಕಾಗುತ್ತಿತ್ತು. ಕೈ ಬದಲಿಸಿದರೆ ತಲೆಯೇ ಹೋದೀತೆಂಬ ಭಯ.

ನಿಜವಾಗಿ ನೋಡಿದರೆ ಉಣ್ಣುವ ಉಪಕರಣವನ್ನು ನಿರ್ಣಯಿಸುವುದು ಅಡಿಗೆಮನೆ. ಯೂರೋಪಿನ ಊಟದಲ್ಲಿ ಸುಟ್ಟ ಮಾಂಸದ ದೊಡ್ಡ ತುಂಡು ಹಾಗೆಯೇ ತಟ್ಟೆಗೆ ಬಂತು. ಕೊಯ್ಯುವ ಕೆಲಸ ಊಟದ ಮೇಜಿಗೆ ಉಳಿಯಿತು. ಆದ್ದರಿಂದ ಚಾಕು, ಅದಕ್ಕೆ ಜೊತೆಯಾಗಿ ಒತ್ತಿಹಿಡಿಯುವ ಮುಳ್ಳು. ನಮ್ಮಲ್ಲಿ ಕೊಯ್ಯುವ ಕೆಲಸವೆಲ್ಲ ಈಳಿಗೆಮಣೆಯ ಮೇಲೆ ಮುಗಿಯುತ್ತದೆ, ಅರೆಯುವ ಕೆಲಸ ಒರಳಿನಲ್ಲಿ ಮುಗಿಯುತ್ತದೆ. ಎಲೆಗೆ ಬಂದ ಮೇಲೆ ಉಳಿಯುವುದು ಕಲಸುವ ಕೆಲಸ ಒಂದೇ. ಬಿಸಿಯನ್ನು ಬೆರಳ ತುದಿಯೇ ಅಳೆಯಬೇಕು, ಸಾರಿಗೆ ಎಷ್ಟು ಅನ್ನವೆಂಬುದನ್ನು ಅಂಗೈಯೇ ನಿಶ್ಚಯಿಸಬೇಕು, ಕರಾವಳಿಯ ಮೀನಿನ ಸಣ್ಣ ಮುಳ್ಳನ್ನು ಬೆರಳೇ ಕಂಡುಹಿಡಿಯಬೇಕು. ರಾಗಿಮುದ್ದೆಯನ್ನು ಮುರಿದು, ಉಂಡೆಮಾಡಿ, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಅದಕ್ಕೆ ಫೋರ್ಕು ಚುಚ್ಚಿದವನ ಗತಿಯನ್ನು ನೋಡಿಯೇ ನಗಬೇಕು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಚೂರೇ ಚಮಚ. ಅದರಲ್ಲಿ ಎಣ್ಣೆಗಾಯಿಯನ್ನು ತೋಡಿಕೊಂಡು ಚಮಚವನ್ನೂ ತಿಂದುಬಿಡಬಹುದು. ಇಥಿಯೋಪಿಯಾದವರು ಇಂಜೆರಾ ಎಂಬ ತಮ್ಮ ದೊಡ್ಡ ದೋಸೆಯಿಂದ ಮಾಡುವುದೂ ಇದನ್ನೇ. ಚೀಣದಲ್ಲಿ ಎಲ್ಲವನ್ನೂ ಅಡಿಗೆಮನೆಯಲ್ಲಿಯೇ ಸಣ್ಣಗೆ ಹೆಚ್ಚಿಬಿಡುವುದರಿಂದ ಎರಡು ಕಡ್ಡಿಗಳು ಸಾಕು. ಥಾಯ್ಲೆಂಡ್, ಫಿಲಿಪ್ಪೀನ್ಸ್ ನಾಡುಗಳಲ್ಲಿ ಬಲಗೈಯ ಚಮಚಕ್ಕೆ ಎಡಗೈಯ ಫೋರ್ಕು ಅನ್ನವನ್ನು ತಳ್ಳಿಕೊಡುವ ಆಳು ಮಾತ್ರ.

ಕೈಯಿಂದ ಉಣ್ಣುವುದೆಂದರೆ ಕ್ರಮವಿಲ್ಲದೆ ಉಣ್ಣುವುದೆಂದು ತಿಳಿಯುವುದು ಇನ್ನೊಂದು ತಪ್ಪು. ಊಟಕ್ಕೆ ಮೊದಲು ಕೈಕಾಲು ತೊಳೆಯುವುದು, ಎಲೆಯ ತುದಿ ಎಡಕ್ಕೆ ಬರುವಂತೆ ಹಾಕುವುದು, ಬಲಗೈಯಿಂದ ಮಾತ್ರ ಉಣ್ಣುವುದು, ಎಂಜಲು ಕೈಯಿಂದ ಬಡಿಸುವ ಪಾತ್ರೆಯನ್ನು ಮುಟ್ಟದಿರುವುದು, ತುಟಿಗೆ ತಾಗದಂತೆ ನೀರನ್ನು ಮೇಲಿನಿಂದ ಹೊಯ್ದುಕೊಳ್ಳುವುದು, ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವ ತನಕ ಏಳದಿರುವುದು: ಇವೆಲ್ಲ ಯಾವ ಮೇಜಿನ ಶಿಷ್ಟಾಚಾರಕ್ಕೂ ಕಡಿಮೆಯಾದುವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಆಹಾರಕ್ಕೆ ಅನ್ನಭೋಗವೆಂಬ ಪ್ರಕರಣವೇ ಮೀಸಲಾಗಿದೆ. ಡಾಮಿಯನ್ ಗುರುವು ಬಂಗಾರದ ಮುಳ್ಳನ್ನು ಶಪಿಸಿದ್ದು ಅದಕ್ಕೆ ಸ್ವಲ್ಪ ಹಿಂದಿನ ಕಾಲದಲ್ಲಿ.

ಶುಚಿತ್ವದ ವಾದಕ್ಕೆ ನಮ್ಮವರು ಕೊಡುವ ಜಾಣ ಉತ್ತರವೊಂದುಂಟು: ನನ್ನ ಕೈಯನ್ನು ನಾನೊಬ್ಬನೇ ಬಳಸುತ್ತೇನೆ, ಹೋಟೆಲಿನ ಚಮಚ ಎಷ್ಟು ಬಾಯಿಗಳನ್ನು ಹೊಕ್ಕು ಬಂದಿದೆಯೋ! ಕೇಳಲು ಹಿತವಾಗಿದೆ. ಆದರೆ ಇದು ಅಹಂಕಾರಕ್ಕೆ ಅಹಂಕಾರದ ಉತ್ತರ. ತೊಳೆದ ಕೈ ಶುಭ್ರ, ತೊಳೆಯದ ಕೈ ಕೊಳಕು. ಚಮಚಕ್ಕೂ ಅದೇ ಮಾತು. 2008ರಿಂದ ಪ್ರತಿವರ್ಷ ಅಕ್ಟೋಬರ್ 15ನ್ನು ಕೈತೊಳೆಯುವ ದಿನವೆಂದು ಲೋಕವೆಲ್ಲ ಆಚರಿಸುತ್ತ ಬಂದಿದೆ. ನಮ್ಮ ಹಳ್ಳಿಯ ಶಾಲೆಗಳ ನಲ್ಲಿಯ ಪಕ್ಕದಲ್ಲಿ ಸಾಬೂನು ಇದೆಯೆ, ನಲ್ಲಿಯಲ್ಲಿ ನೀರು ಬರುತ್ತದೆಯೆ ಎಂಬ ಪ್ರಶ್ನೆ, ಕೈ ಮೇಲೋ ಫೋರ್ಕು ಮೇಲೋ ಎಂಬ ವಾದಕ್ಕಿಂತ ಹೆಚ್ಚು ಉಪಯುಕ್ತವಾದದ್ದು.

ದೊಡ್ಡವರಾದರೆ ಇಂಥ ಅವಮಾನವನ್ನು ತಡೆದುಕೊಳ್ಳುತ್ತಾರೆ, ತಿರುಗಿ ನಗುತ್ತಾರೆ, ಚುನಾವಣೆಯನ್ನೂ ಗೆಲ್ಲುತ್ತಾರೆ. ಎಳೆಯರ ಪಾಡು ಬೇರೆ. 2006ರಲ್ಲಿ ಕೆನಡಾದ ಮಾಂಟ್ರಿಯಲ್ ಬಳಿಯ ಶಾಲೆಯೊಂದರಲ್ಲಿ ಫಿಲಿಪ್ಪೀನ್ಸ್ ಮೂಲದ ಏಳು ವರ್ಷದ ಹುಡುಗನೊಬ್ಬನನ್ನು, ತನ್ನ ಮನೆಯಲ್ಲಿ ಕಲಿತಂತೆ ಫೋರ್ಕಿನಿಂದ ಚಮಚವನ್ನು ತುಂಬಿಕೊಂಡು ಉಂಡ ಸಲುವಾಗಿ ಬೇರೆ ಕೂರಿಸಿ ಶಿಕ್ಷಿಸಿದರೆಂದು ತಾಯಿ ದೂರಿದಳು. ಫಿಲಿಪ್ಪೀನ್ಸ್ ಜನ ಕೆರಳಿದರು. ವ್ಯಾಜ್ಯ ಮಾನವ ಹಕ್ಕುಗಳ ನ್ಯಾಯಮಂಡಳಿಯ ಮೆಟ್ಟಿಲನ್ನು ಹತ್ತಿತು. ಆ ಮಗುವಿನ ಕೈಯಲ್ಲಿ ಚಮಚವೂ ಇತ್ತು, ಫೋರ್ಕೂ ಇತ್ತು ಎಂಬುದನ್ನು ಗಮನಿಸಬೇಕು. ಆದರೂ ಸಾಲಲಿಲ್ಲ.

ಈಗ ನನ್ನ ಸ್ವಂತದ ಕಾರಣ. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುವ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಒಂದು ಸಂಸ್ಥೆಯವರು ಕೆಲಸಕ್ಕೆ ಆರಿಸಿಕೊಳ್ಳಲು ಬೆಂಗಳೂರಿಗೆ ಕರೆಸಿಕೊಂಡರು. ಮಧ್ಯಾಹ್ನ ದೊಡ್ಡ ಹೋಟೆಲಿನಲ್ಲಿ ಊಟ. ಊಟದ ಶಿಷ್ಟಾಚಾರವನ್ನೂ ಗಮನಿಸುತ್ತಾರೆಂದು ಮಕ್ಕಳಿಗೆ ಮೊದಲೇ ಹೇಳಿದ್ದರು. ನನ್ನ ವಿದ್ಯಾರ್ಥಿನಿಯೊಬ್ಬಳು, ಮಂಡ್ಯದ ಕಡೆಯ ಹಳ್ಳಿಯ ಹುಡುಗಿ, ತನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು, ಮೇಜಿನ ಮೇಲೆ ಸಾಲಾಗಿ ಮಲಗಿದ್ದ ಆ ಚಾಕು ಮುಳ್ಳುಗಳನ್ನು ನೋಡಿ ಒಂದು ಚೂರು ರೊಟ್ಟಿಯನ್ನೂ ಒಂದು ಬಾಳೆಹಣ್ಣನ್ನೂ ತಿಂದು ಎದ್ದು ಬಂದಳಂತೆ. ಮರುದಿನ ಕಾಲೇಜಿನ ಪಡಸಾಲೆಯಲ್ಲಿ ಎದುರಾದವಳು ಕೇಳಿದಳು: “ಕೈಯಲ್ಲಿ ಉಂಡಿದ್ರೆ ಕೆಲಸ ಕೊಡ್ತಿರ್ಲಿಲ್ವಾ ಸಾರ್?”

“ಅದೇನು ಮಹಾ ವಿದ್ಯೆಯಮ್ಮ, ಕಲಿತರಾಯಿತು” ಎಂದು ನಾನು ನಕ್ಕು ಮುಂದಕ್ಕೆ ಹೋದೆ. ಕಲಿಯಬೇಕೆಂಬ ಬುದ್ಧಿವಾದದಲ್ಲಿ ಸುಳ್ಳಿರಲಿಲ್ಲ. ಆಕೆ ಒಂದು ವಾರದಲ್ಲಿ ಅದನ್ನು ಕಲಿತಳು. ಬೇರೊಂದು ಕಡೆ ಕೆಲಸವೂ ಸಿಕ್ಕಿತು. ಆದರೆ ಆಕೆ ಕೇಳಿದ್ದು ಫೋರ್ಕು ಹಿಡಿಯುವುದು ಹೇಗೆಂದಲ್ಲ. ತನ್ನ ಅವ್ವ ಕಲಿಸಿದ ರೀತಿಯಲ್ಲಿ ಉಂಡರೆ ತಾನು ಕಡಿಮೆಯವಳಾಗುತ್ತಿದ್ದೆನೆ ಎಂದು ಕೇಳಿದ್ದಳು. ಇಪ್ಪತ್ತು ವರ್ಷ ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನ ಬಾಯಲ್ಲಿ ಆ ಪ್ರಶ್ನೆಗೆ ಉತ್ತರ ಬರಲಿಲ್ಲ.

ಅಂದು ಆಕೆಗೆ ನಾನು ಹೇಳಬಹುದಾಗಿದ್ದ ಒಂದು ಕಥೆಯುಂಟು. 1888ರ ಸೆಪ್ಟೆಂಬರ್ 4ರಂದು ಹತ್ತೊಂಬತ್ತು ತುಂಬದ ತರುಣನೊಬ್ಬ ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದ. ಚಾಕು ಫೋರ್ಕುಗಳನ್ನು ಬಳಸಲು ಅವನಿಗೆ ಬಾರದು. ಬಡಿಸಿದ್ದರಲ್ಲಿ ಮಾಂಸವಿಲ್ಲದ್ದು ಯಾವುದೆಂದು ಕೇಳಲು ಧೈರ್ಯ ಸಾಲದು. ಆದುದರಿಂದ ಅವನು ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳನ್ನು ತನ್ನ ಕೋಣೆಯಲ್ಲಿಯೇ ತಿಂದುಕೊಂಡು ದಿನ ಕಳೆದ. ಆ ತರುಣ ಮೋಹನದಾಸ ಕರಮಚಂದ ಗಾಂಧಿ. ಈ ಸಂಗತಿಯನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹಡಗಿನ ಕೋಣೆಯಲ್ಲಿ ಅವರು ಪಟ್ಟ ಸಂಕೋಚಕ್ಕೂ ಬೆಂಗಳೂರಿನ ಹೋಟೆಲಿನಲ್ಲಿ ಆ ಹುಡುಗಿ ಪಟ್ಟ ಸಂಕೋಚಕ್ಕೂ ನಡುವೆ ನೂರು ವರ್ಷಗಳಿಗೂ ಮಿಕ್ಕ ಕಾಲ ಕಳೆದಿದೆ. ಗಾಂಧಿಯವರು ಪರದೇಶದ ಹಡಗಿನಲ್ಲಿದ್ದರು. ಈ ಹುಡುಗಿ ತನ್ನ ನಾಡಿನ ರಾಜಧಾನಿಯಲ್ಲಿದ್ದಳು. ಎದುರಿಗೆ ಕುಳಿತು ಅಳೆಯುತ್ತಿದ್ದವರು ಕೈಯಿಂದ ಉಂಡೇ ಬೆಳೆದವರು. ಟೆಕ್ಸಾಸಿನ ಸದಸ್ಯನ ಮೇಲೆ ಸಿಟ್ಟಾಗುವುದು ನಮಗೆ ಸುಲಭ. ಈ ಇನ್ನೊಂದು ಮೇಜಿನ ವಿಷಯದಲ್ಲಿ ನಾವು ಮೌನಿಗಳು.

ಮೌನ ಇಲ್ಲಿಗೇ ಮುಗಿಯುವುದಿಲ್ಲ. ಮಮ್ದಾನಿಯವರ ಕೈಯ ಸುದ್ದಿ ಬಂದ ಆ 2025ರ ಜೂನ್ ತಿಂಗಳಿನಲ್ಲಿಯೇ ನಮ್ಮ ಪತ್ರಿಕೆಗಳಲ್ಲಿ ಇನ್ನೊಂದು ಸುದ್ದಿಯೂ ಬಂದಿತ್ತು. ಚಾಮರಾಜನಗರ ಜಿಲ್ಲೆಯ ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟಕ್ಕೆ ದಲಿತ ಮಹಿಳೆಯೊಬ್ಬರನ್ನು ಅಡಿಗೆಯವರಾಗಿ ನೇಮಿಸಿದ ಮೇಲೆ ಪಾಲಕರು ತಮ್ಮ ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಿದರೆಂದು ಅದರಲ್ಲಿ ವರದಿಯಾಗಿತ್ತು. ಬೇರೆ ಕಾರಣಗಳನ್ನು ಹೇಳಿದ ಪಾಲಕರೂ ಇದ್ದರು. ಅಧಿಕಾರಿಗಳು ಹೋಗಿ ಮಾತುಕತೆ ನಡೆಸಿದರು. ಇಂಥ ವರದಿ ಇದೊಂದೇ ಅಲ್ಲವೆಂಬುದನ್ನು ಪತ್ರಿಕೆ ಓದುವವರು ಬಲ್ಲರು. ಈ ಶಾಲೆಗಳ ಮಕ್ಕಳೆಲ್ಲ ಕೈಯಿಂದಲೇ ಉಣ್ಣುವವರು. ಉಪಕರಣದಲ್ಲಿ ಭೇದವಿಲ್ಲ, ಅನ್ನದಲ್ಲಿ ಭೇದವಿಲ್ಲ, ಸಾರಿನಲ್ಲಿ ಭೇದವಿಲ್ಲ. ಆದರೂ ತೀರ್ಪು ಮೊದಲೇ ಆಗಿಹೋಗಿತ್ತು. ನ್ಯೂಯಾರ್ಕಿನಲ್ಲಿ ಅದಕ್ಕೆ ಉಣ್ಣುವ ಕೈ ಸಾಕ್ಷಿಯಾಯಿತು, ನಮ್ಮಲ್ಲಿ ಬಡಿಸುವ ಕೈ.

ಪಂಕ್ತಿಯ ಸೊಗಸನ್ನು ನಾನು ಮೇಲೆ ಹೊಗಳಿದೆ. ಅದೇ ಪಂಕ್ತಿಯಲ್ಲಿ ಯಾರು ಕೂರಬಹುದು, ಯಾರು ಅಂಗಳದಲ್ಲಿ ಕಾಯಬೇಕು ಎಂಬ ನಿಯಮವೂ ನಮ್ಮದೇ. ಎಂಜಲಿನ ವಿಚಾರ ಶುಚಿಯ ನಿಯಮವಾಗಿ ಹುಟ್ಟಿರಬಹುದು. ಅದು ಮನುಷ್ಯರನ್ನೇ ಮೈಲಿಗೆಯೆಂದು ಅಳೆಯುವ ಕೋಲಾಗಿ ಬೆಳೆದದ್ದೂ ನಮ್ಮ ನೆಲದಲ್ಲಿಯೇ. ಹಳ್ಳಿಯ ಚಹದಂಗಡಿಗಳಲ್ಲಿ ಕೆಲವರಿಗೆ ಬೇರೆ ಲೋಟವಿಡುತ್ತಿದ್ದದ್ದನ್ನು ಕಂಡವರು ನಮ್ಮ ನಡುವೆ ಈಗಲೂ ಇದ್ದಾರೆ. ಕೈಯಿಂದ ಉಣ್ಣುವುದು ನಮ್ಮ ಸಂಸ್ಕೃತಿ ಎಂದು ಹೆಮ್ಮೆಯಿಂದ ಎದೆ ತಟ್ಟಿಕೊಳ್ಳುವ ಮೊದಲು, ಆ ಕೈ ಯಾರ ಕೈಯನ್ನು ತಡೆಯಿತು ಎಂಬುದನ್ನೂ ಹೇಳಬೇಕಾಗುತ್ತದೆ. ಹಾಗೆ ಹೇಳದೆ ಹೋದರೆ ನಮ್ಮ ಪ್ರತಿಭಟನೆ ಅರ್ಧ ಸತ್ಯವಾಗುತ್ತದೆ.

ಈ ರೋಗವನ್ನು ನಮ್ಮ ಕವಿಗಳು ಗುರುತಿಸಿರಲಿಲ್ಲವೆಂದಲ್ಲ. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿದ್ದಾರೆ. ದೇವರ ನೈವೇದ್ಯಕ್ಕೆ, ದೊಡ್ಡವರ ಊಟಕ್ಕೆ ಸಲ್ಲುವ ತಾನು ಶ್ರೇಷ್ಠನೆಂದು ಅಕ್ಕಿ ಬೀಗುತ್ತದೆ. ಬಡವರನ್ನು ಬರಗಾಲದಲ್ಲಿ ಕಾಪಾಡುವ ತಾನು ಕಡಿಮೆಯೆ ಎಂದು ರಾಗಿ ಎದುರುತ್ತರ ಕೊಡುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ತೆಗೆದು ನೋಡಿದರೆ ಅಕ್ಕಿ ಕೆಟ್ಟಿದೆ, ರಾಗಿ ಹಾಗೆಯೇ ಉಳಿದಿದೆ. ರಾಗಿಗೆ ರಾಘವನ ಹೆಸರಿನ ಗೌರವ ದೊರೆಯುತ್ತದೆ. ಅದು ಧಾನ್ಯಗಳ ಕಥೆಯೆಂದು ಯಾರೂ ಓದಿಲ್ಲ. ಉಣ್ಣುವ ವಸ್ತುವಿನಿಂದ ಮನುಷ್ಯನ ಕುಲವನ್ನು ಅಳೆಯುವವರಿಗೆ ಕೊಟ್ಟ ಉತ್ತರವೆಂದೇ ನಾವು ಅದನ್ನು ಪಾಠ ಹೇಳುತ್ತ ಬಂದಿದ್ದೇವೆ. ನಾನೂ ಆ ಹುಡುಗಿಯ ತರಗತಿಗೆ ಅದನ್ನು ಪಾಠ ಹೇಳಿದ್ದೆ. ತರಗತಿಯ ಹೊಸ್ತಿಲನ್ನು ದಾಟಿ ಪಡಸಾಲೆಗೆ ಬಂದಾಗ ಆ ಪಾಠ ನನಗೇ ನೆನಪಾಗಲಿಲ್ಲ.

ಹಾಗಾದರೆ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವೇನು? ಫೋರ್ಕು ಬೇಡವೆಂದು ನಾನು ಹೇಳುವುದಿಲ್ಲ. ಅದು ಒಂದು ಕೈಗೆಲಸ. ಸೈಕಲ್ ತುಳಿಯುವುದನ್ನು ಕಲಿತಂತೆ ಕಲಿಯಬೇಕು, ಪರರ ಮನೆಗೆ ಹೋದಾಗ ಆ ಮನೆಯ ಕ್ರಮಕ್ಕೆ ಹೊಂದಿಕೊಳ್ಳುವುದು ಮರ್ಯಾದೆಯೂ ಹೌದು. ಆದರೆ ಅದನ್ನು ಕಲಿಯುವುದು ಜ್ಞಾನ, ಕಲಿಯದಿರುವುದು ಅವಮಾನವಲ್ಲ. ಅದನ್ನು ಬಲ್ಲವನು ಬಾರದವನಿಗಿಂತ ಒಂದು ವಿದ್ಯೆಯನ್ನು ಹೆಚ್ಚಾಗಿ ಬಲ್ಲವನೇ ಹೊರತು ಒಂದು ಗುಣದಲ್ಲಿ ಹೆಚ್ಚಿನವನಲ್ಲ. ಕೆಲಸಕ್ಕೆ ಆರಿಸುವವರು ಮೇಜಿನ ಮೇಲೆ ಪರೀಕ್ಷಿಸತಕ್ಕದ್ದು ಏನಾದರೂ ಇದ್ದರೆ ಅದು ಬೇರೆ: ಪಕ್ಕದವನಿಗೆ ಬಡಿಸುವ ತನಕ ಕಾದನೆ, ಬಡಿಸಿದವನಿಗೆ ಒಂದು ಒಳ್ಳೆಯ ಮಾತನ್ನಾಡಿದನ, ಸಂಕೋಚದಿಂದ ಉಣ್ಣದೆ ಕುಳಿತವಳನ್ನು ನೋಡಿ ಏಕೆಂದು ವಿಚಾರಿಸಿದನೆ? ಅಂದು ಆ ಮೇಜಿನ ಸುತ್ತ ಕುಳಿತವರಲ್ಲಿ ಯಾರೊಬ್ಬರೂ ಆ ಹುಡುಗಿಯನ್ನು ಉಂಡೆಯೇನಮ್ಮ ಎಂದು ಕೇಳಲಿಲ್ಲವಂತೆ. ಶಿಷ್ಟಾಚಾರದ ಪರೀಕ್ಷೆಯಲ್ಲಿ ಸೋತವರು ಅವರು.

ನಮ್ಮ ಊರುಗಳಲ್ಲಿ ಮನೆಗೆ ಬಂದವರನ್ನು ಕೇಳುವ ಮೊದಲ ಮಾತು ಊಟವಾಯಿತೆ ಎಂಬುದು. ಹೇಗೆ ಉಣ್ಣುತ್ತೀರಿ ಎಂಬುದಲ್ಲ. ಆ ಮೊದಲ ಮಾತನ್ನು ಎಲ್ಲರಿಗೂ, ಅಂಗಳದಲ್ಲಿ ನಿಂತವರಿಗೂ, ಕೇಳುವಂತಾದ ದಿನ ನಾವು ಟೆಕ್ಸಾಸಿನವರಿಗೆ ಉತ್ತರ ಹೇಳಲು ಅರ್ಹರಾಗುತ್ತೇವೆ. ಊಟ ಬಲ್ಲವನು ಎಂದು ಗಾದೆ ಹೇಳುವುದು ಬಹುಶಃ ಅಂಥವನನ್ನೇ ಕುರಿತು: ಪಕ್ಕದವನ ಎಲೆಯನ್ನು ಅವನ ಹಸಿವಿಗಾಗಿ ಮಾತ್ರ ನೋಡುವವನನ್ನು.